ಬಿಳಿ ಗೂಡಿಗೆ ಹಳದಿ ಎಂದವಳು

ಶಿಡ್ಲಘಟ್ಟ
18 ಜೂನ್ 2025

ಶ್ಯಾಮಲಕ್ಕನಿಗೆ ರಹಮತುನ್ನೀಸಾಳ ಸಲಾಮು.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಬಕ್ರೀದ್ ಹಬ್ಬ, ನೆಂಟರು, ಸಾಲದ್ದಕ್ಕೆ ನೂಲು ತೆಗೆಯುವ ನಮ್ಮ ಫಿಲೇಚರ್‌ನ ಬಾಯ್ಲರ್ ಕೈಕೊಟ್ಟಿತು. ಫೋನ್ ಮಾಡೋಣವೆಂದರೆ ನೀವು ಆ ಕಿವಿಯ ಮೆಷಿನ್ ಹಾಕಿಕೊಂಡರೂ ನಾನು ಕಿರುಚಬೇಕು. ನಮ್ಮ ಬೀದಿಗೆಲ್ಲ ಸಮಾಚಾರ ಗೊತ್ತಾಗುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಆದ್ದರಿಂದ ಕಾಗದವೇ ವಾಸಿ. ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು.

ಬಲಗಣ್ಣಿನ ಪೊರೆ ತೆಗೆಸಿಕೊಂಡೆ, ನೀನೂ ತೋರಿಸಿಕೋ ಎಂದು ಬರೆದಿದ್ದೀರಿ. ಮೂವತ್ತು ವರ್ಷದ ಹಿಂದೆ ರೇಷ್ಮೆ ಇಲಾಖೆಯ ಮೇಡಂ ಆಗಿ ಬಂದು, ಹೊಗೆಯಲ್ಲಿ ನಿಂತು ನನಗೆ ಗೂಡಿನಿಂದ ನೂಲು ಬಿಚ್ಚುವ ನಾಜೂಕು ಕಲಿಸಿದವರು ನೀವು. ಎಲ್ಲದರಲ್ಲೂ ನಿಮ್ಮ ಮಾತು ಕೇಳಿದ್ದೇನೆ, ಇದೊಂದನ್ನು ಕೇಳುವುದಿಲ್ಲ. ಯಾಕೆಂದರೆ ನನ್ನ ಕಣ್ಣು ಈಗ ಮೊದಲಿಗಿಂತ ಚೆನ್ನಾಗಿದೆ. ಹನ್ನೆರಡು ವರ್ಷ ಹಾಕಿಕೊಂಡ ಓದುವ ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದಿಲ್ಲದೆಯೇ ಸೂಜಿಗೆ ದಾರ ಪೋಣಿಸುತ್ತೇನೆ, ಈ ಕಾಗದವನ್ನೂ ಹಾಗೇ ಬರೆಯುತ್ತಿದ್ದೇನೆ. ನನ್ನ ಸೊಸೆ ನಾಹಿದ್ ಬಾಯಿ ಬಿಟ್ಟುಕೊಂಡು ನೋಡುತ್ತಾಳೆ.

ಕಳೆದ ವಾರ ಗೂಡಿನ ಮಾರುಕಟ್ಟೆಯಲ್ಲಿ ನಡೆದದ್ದನ್ನು ಕೇಳಿ. ಸ್ಕಂದಗಿರಿ ಬುಡದ ಹಳ್ಳಿಯವನೊಬ್ಬ ಬಿಳಿ ಗೂಡು ತಂದಿದ್ದ. ನನ್ನ ಮಗ ನವೀದ್ ಫೋನಿನಲ್ಲಿ ಹರಾಜು ಹಿಡಿದುಬಿಟ್ಟಿದ್ದ. ತೂಕದ ಹತ್ತಿರ ನಾನು ಹಿಡಿಯಷ್ಟು ತೆಗೆದು ನೋಡಿದರೆ ಎಲ್ಲ ಹಳದಿ ಬಣ್ಣಕ್ಕೆ ತಿರುಗಿದೆ. 'ನೀರು ಬಿದ್ದ ಗೂಡು, ಒಳ್ಳೇದರ ಜೊತೆ ಬೆರೆಸಿ ತಂದಿದ್ದೀಯ' ಎಂದು ಅಲ್ಲೇ ಹೇಳಿ ಲಾಟು ಬೇಡವೆಂದೆ. ಆತ ವಾದ ಮಾಡಿದ, ನಾನು ಬಿಡಲಿಲ್ಲ. ನಾನು ಬೇಡವೆಂದ ಮೇಲೆ ನನ್ನಂತೆ ನೂಲು ತೆಗೆಯುವ ಮಿಕ್ಕ ರೀಲರ್‌ಗಳೂ ಹಿಂದೆ ಸರಿದರು. ಹದಿನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಹೋದ ಮೇಲೆ ಗಂಡಸರ ನಡುವೆ ಒಬ್ಬಳೇ ನಿಂತು ಸಂಪಾದಿಸಿದ ಹೆಸರು, ಶ್ಯಾಮಲಕ್ಕ. ಕಣ್ಣು ಕೆಟ್ಟವಳಿಗೆ ಇದೆಲ್ಲ ಆಗುತ್ತದೆಯೇ?

ರಹಮತುನ್ನೀಸಾ


ಗೌರಿಬಿದನೂರು
27 ಜೂನ್ 2025

ರಹಮತ್‌ಗೆ ಆಶೀರ್ವಾದ.

ನಿನ್ನ ಕನ್ನಡಕದ ಸುದ್ದಿ ಓದಿ ನಗು ಬಂತು, ಭಯವೂ ಆಯಿತು. ನನಗೂ ಹೀಗೇ ಆಗಿತ್ತು. ಕನ್ನಡಕವಿಲ್ಲದೆ ಪೇಪರಿನ ಸಣ್ಣ ಜಾಹೀರಾತು ಓದಿ, ಮಗಳು ಸಂಘಮಿತ್ರಳ ಮುಂದೆ ಆರು ತಿಂಗಳು ಮೆರೆದೆ. ಡಾಕ್ಟರು ಹೇಳಿದ್ದೇ ಬೇರೆ. ವಯಸ್ಸಾದ ಮೇಲೆ ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾಗುತ್ತಾ ಬಂದಾಗ ಹತ್ತಿರದ್ದು ಸ್ವಲ್ಪ ದಿನ ಚೆನ್ನಾಗಿ ಕಾಣುತ್ತದಂತೆ. ಅದು ಪೊರೆ ಬೆಳೆಯುತ್ತಿರುವ ಗುರುತು. ಆಮೇಲೆ ಅದೂ ಹೋಗುತ್ತದೆ. ದೂರದ್ದು ಹೇಗೆ ಕಾಣುತ್ತದೆ ನಿನಗೆ? ಬಸ್ಸಿನ ಬೋರ್ಡು ಓದುತ್ತೀಯಾ?

ಪೊರೆ ಎಂದು ಕರೆಯುತ್ತೇವಲ್ಲ, ಅದಕ್ಕೆ ಕಣ್ಣಿನ ಮೇಲೆ ಏನೋ ಕವಿದಿದೆ, ಸುಲಿದು ತೆಗೆಯುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಒಳಗಿರುವ ತಿಳಿಯಾದ ಮಸೂರವೇ ಮಸುಕಾಗುವುದು. ಮೊಟ್ಟೆಯ ಬಿಳಿ ಬೆಂದ ಮೇಲೆ ಅದರಾಚೆಯದು ಕಾಣುವುದಿಲ್ಲವಲ್ಲ, ಹಾಗೆ. ಯಾವ ಡ್ರಾಪ್ಸ್‌ಗೂ ಅದು ಕರಗುವುದಿಲ್ಲ. ಹಣ್ಣಾಗಲಿ ಎಂದು ಕಾಯಬೇಕಿಲ್ಲ, ತೀರಾ ಬಲಿತರೆ ಡಾಕ್ಟರಿಗೇ ಕಷ್ಟ. ನನಗೆ ಕಣ್ಣಿಗೆ ಮರಗಟ್ಟುವ ಔಷಧಿ ಹಾಕಿ, ಸಣ್ಣ ತೂತಿನಲ್ಲಿ ಹಳೆಯದನ್ನು ಪುಡಿ ಮಾಡಿ ಹೀರಿ ತೆಗೆದು, ಮಡಚಿದ ಹೊಸ ಮಸೂರ ಕೂರಿಸಿದರು. ಹೊಲಿಗೆ ಇಲ್ಲ. ಇಪ್ಪತ್ತು ನಿಮಿಷ. ಸಾಯಂಕಾಲ ಮನೆಯಲ್ಲಿ ಕೂತು ಉಪ್ಪಿಟ್ಟು ತಿಂದೆ.

ಮಾರನೆಯ ದಿನ ಪಟ್ಟಿ ಬಿಚ್ಚಿದ ಮೇಲೆ ನಮ್ಮ ಮನೆಯ ಗೋಡೆ ನೋಡಿದೆ. ಬಿಳಿ ಹೇಳಿದರೆ ಕೆನೆ ಬಣ್ಣ ಬಳಿದಿದ್ದೀಯ ಎಂದು ಪೇಂಟರನ್ನು ಎಷ್ಟು ಬೈದಿದ್ದೆ. ಗೋಡೆ ಬಿಳಿಯಾಗಿಯೇ ಇತ್ತು ರಹಮತ್. ಹಳದಿ ಇದ್ದದ್ದು ನನ್ನ ಕಣ್ಣಿನಲ್ಲಿ.

ಮಾರುಕಟ್ಟೆಯ ವಿಷಯ ಬರೆದೆಯಲ್ಲ, ಆತನ ಹೆಸರು ಬರೆಯಲಿಲ್ಲ. ನನಗೊಂದು ಉಪಕಾರ ಮಾಡು. ಈಗ ನಿನ್ನ ಹತ್ತಿರ ಹಳದಿಯಾಗಿದೆ ಎಂದು ನೀನು ಬೇರೆ ತೆಗೆದಿಟ್ಟ ಬಿಳಿ ಗೂಡು ಇದ್ದರೆ ಆರು ಕಳಿಸು.

ಶ್ಯಾಮಲಮ್ಮ


ಶಿಡ್ಲಘಟ್ಟ
9 ಜುಲೈ 2025

ಶ್ಯಾಮಲಕ್ಕನಿಗೆ,

ಪೇಂಟರ್ ಬೇರೆ, ನಾನು ಬೇರೆ. ಗೋಡೆ ನೋಡುವುದು ನಿಮ್ಮ ಕಸುಬಲ್ಲ. ಗೂಡು ನೋಡುವುದು ನನ್ನ ಕಸುಬು.

ಬಸ್ಸಿನ ಬೋರ್ಡು ನಾನು ಯಾಕೆ ಓದಬೇಕು? ಕಂಡಕ್ಟರೇ 'ಚಿಂತಾಮಣಿ ಚಿಂತಾಮಣಿ' ಎಂದು ಬಾಗಿಲು ಬಡಿಯುತ್ತಾನೆ. ನಮ್ಮ ಅತ್ತೆಗೆ ಆ ಕಾಲದಲ್ಲಿ ಕ್ಯಾಂಪಿನಲ್ಲಿ ಆಪರೇಷನ್ ಮಾಡಿದ್ದರು. ಎಂಟು ದಿನ ಅಲುಗಾಡದೆ ಮಲಗಿಸಿ, ಕೊನೆಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟು ಕಳಿಸಿದರು. ಸಾಯುವವರೆಗೆ ಮೆಟ್ಟಿಲು ಎಲ್ಲಿದೆ ಎಂದು ಕಾಲಿನಲ್ಲಿ ತಡಕುತ್ತಿದ್ದರು. ನನಗೆ ಅದು ಬೇಡ.

ಆ ಮನುಷ್ಯನ ಹೆಸರು ಆವುಲಪ್ಪ. ಹೆಸರು ತೆಗೆದುಕೊಂಡು ನೀವೇನು ಮಾಡುತ್ತೀರೋ. ಆಮೇಲೆ ಅವನು ನಮ್ಮ ಮಾರುಕಟ್ಟೆಯ ಕಡೆ ತಲೆ ಹಾಕಿಲ್ಲವಂತೆ. ತಪ್ಪಿಲ್ಲದವನು ಯಾಕೆ ತಪ್ಪಿಸಿಕೊಳ್ಳುತ್ತಾನೆ ಹೇಳಿ.

ಇದರೊಳಗೆ ಆರು ಗೂಡು ಇಟ್ಟಿದ್ದೇನೆ, ಹುಳ ಸಾಯಿಸಿ ಒಣಗಿಸಿದ್ದು. ನವೀದ್ ತಂದ ಲಾಟಿನಲ್ಲಿ ಮೂರು ಮಂಕರಿಯಷ್ಟು ಇಂಥದ್ದೇ ಬೇರೆ ತೆಗೆಸಿಟ್ಟೆ. ಅದಕ್ಕೆ ತಾಯಿ ಮಗನಿಗೆ ಎರಡು ದಿನ ಮಾತಿಲ್ಲ. ನೀವೇ ನೋಡಿ ತೀರ್ಪು ಕೊಡಿ, ಅವನಿಗೆ ಓದಿ ಹೇಳುತ್ತೇನೆ.

ರಹಮತುನ್ನೀಸಾ


ಗೌರಿಬಿದನೂರು
16 ಜುಲೈ 2025

ರಹಮತ್,

ತೀರ್ಪು ಕೇಳಿದ್ದೀಯ, ಕೊಡುತ್ತೇನೆ.

ಗೂಡುಗಳನ್ನು ತಟ್ಟೆಗೆ ಹಾಕಿ ಕಿಟಕಿಯ ಹತ್ತಿರ ಇಟ್ಟೆ. ನನ್ನ ಎಡಗಣ್ಣಿಗೆ ಇನ್ನೂ ಆಪರೇಷನ್ ಆಗಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ನೀನು ಹೇಳಿದ ಹಾಗೇ ಹಳದಿ, ಅಂಚಿನಲ್ಲಿ ಕಂದು. ಎಡಗಣ್ಣು ಮುಚ್ಚಿ ಹೊಸ ಕಣ್ಣಿನಲ್ಲಿ ನೋಡಿದೆ. ಆರಕ್ಕೆ ಆರೂ ಅಪ್ಪಟ ಬಿಳಿ. ನಂಬಿಕೆ ಬಾರದೆ ಸಂಘಮಿತ್ರಳಿಗೆ ತೋರಿಸಿದೆ, ಹಾಲಿನವನಿಗೂ ತೋರಿಸಿದೆ. ಇಬ್ಬರೂ ಬಿಳಿ ಎಂದರು. ಕೈಯಲ್ಲಿ ಒತ್ತಿ ನೋಡಿದೆ, ಗಟ್ಟಿ. ಮೂವತ್ತೆಂಟು ವರ್ಷ ಇಲಾಖೆಯಲ್ಲಿ ಗೂಡು ನೋಡಿದವಳು ಹೇಳುತ್ತಿದ್ದೇನೆ, ಇದು ಒಂದನೇ ದರ್ಜೆ.

ಇನ್ನೊಂದು ಮಾತು. ಹೋದ ಸಲವೇ ಬರೆಯಬೇಕಿತ್ತು, ತಮ್ಮನ ಪರ ವಹಿಸಿಕೊಂಡೆ ಎನ್ನುತ್ತೀಯೆಂದು ಬರೆಯಲಿಲ್ಲ. ಆವುಲಪ್ಪ ನನ್ನ ಒಡಹುಟ್ಟಿದ ತಮ್ಮ. ನಿನ್ನ ಕಾಗದ ಬರುವ ಮೊದಲೇ ಅವನು ಇಲ್ಲಿಗೆ ಬಂದು ಜಗಲಿಯ ಮೇಲೆ ಕೂತು ಅತ್ತು ಹೋಗಿದ್ದ. ಅರವತ್ತು ವರ್ಷದ ಗಂಡಸು. 'ಕಳ್ಳ ಅಂದ್ಬಿಟ್ಲು ಅಕ್ಕಯ್ಯ, ಎಲ್ಲಾರ ಮುಂದೆ' ಎಂದ. ಯಾರು ಎಂದು ಕೇಳಿದೆ, ನಿನ್ನ ಹೆಸರು ಹೇಳಿದ. ಈಗ ಅವನು ಗೂಡು ಹೊತ್ತುಕೊಂಡು ದೂರದ ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದಾನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಕಣ್ಣು ನಿನ್ನನ್ನು ಸಿಕ್ಕಿಸಿಹಾಕಿದೆ. ಹೋಗಿ ತೋರಿಸಿಕೋ.

ಶ್ಯಾಮಲಮ್ಮ


ಗೌರಿಬಿದನೂರು
24 ಆಗಸ್ಟ್ 2025

ರಹಮತ್,

ಐದು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಗೂಡು ನೋಡಿ ಸುಮ್ಮನಿರಬೇಕಿತ್ತು, ತಮ್ಮನ ವಿಷಯವನ್ನು ಅದೇ ಕಾಗದದಲ್ಲಿ ಬರೆಯಬಾರದಿತ್ತು. ನೀನು ಕಣ್ಣು ತೋರಿಸಿಕೊಳ್ಳದಿದ್ದರೂ ಸರಿ, ಆವುಲಪ್ಪನ ಸುದ್ದಿ ಎತ್ತುವುದಿಲ್ಲ. ಚೆನ್ನಾಗಿದ್ದೇನೆ ಎಂದು ಮಾತ್ರ ಬರೆ. ನನಗೆ ಕಾಗದ ಬರೆಯುವವರು ಬೇರೆ ಯಾರಿದ್ದಾರೆ?

ಶ್ಯಾಮಲಮ್ಮ


ಶಿಡ್ಲಘಟ್ಟ
2 ಸೆಪ್ಟೆಂಬರ್ 2025

ಶ್ಯಾಮಲಕ್ಕನಿಗೆ ಸಲಾಮು.

ನಿಮ್ಮ ಜುಲೈ ತಿಂಗಳ ಕಾಗದ ಓದಿ ಹರಿದು ಹಾಕಿದೆ. ಸುಳ್ಳು ಯಾಕೆ ಹೇಳಲಿ. ತಮ್ಮನಿಗಾಗಿ ನನ್ನನ್ನು ಕುರುಡಿ ಮಾಡುತ್ತಿದ್ದೀರಿ ಎನಿಸಿತು. ನಿಮ್ಮ ಹೆಸರು ಎತ್ತಬೇಡ ಎಂದು ನಾಹಿದ್‌ಗೆ ಹೇಳಿದ್ದೆ.

ಆದರೂ ನಿಮ್ಮ ತೀರ್ಪನ್ನು ಪರೀಕ್ಷೆ ಮಾಡದೆ ಬಿಡಲಾಗಲಿಲ್ಲ. ಒಂದು ದಿನ ಬಿಳಿ ಲಾಟಿನಿಂದ ಮೂವತ್ತು ಗೂಡು ಎಣಿಸಿಕೊಂಡು ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಆರಿಸಿದೆ. ಹತ್ತೊಂಬತ್ತು ಒಳ್ಳೇದು, ಹನ್ನೊಂದು ಕೆಟ್ಟದ್ದು. ನಾಹಿದ್ ಒಂದೊಂದರ ತುದಿಗೂ ಇಂಕಿನ ಚುಕ್ಕಿ ಇಟ್ಟು ಗುರುತು ಬರೆದುಕೊಂಡಳು. ಮಧ್ಯಾಹ್ನ ಫಿಲೇಚರ್‌ನೊಳಗೆ ಟ್ಯೂಬ್‌ಲೈಟಿನ ಕೆಳಗೆ ಅದೇ ಮೂವತ್ತನ್ನು ಮತ್ತೆ ಕೊಟ್ಟಳು. ನಾನು ಇಪ್ಪತ್ತಾರನ್ನು ಕೆಟ್ಟದ್ದೆಂದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಗೂಡು ಬಣ್ಣ ಬದಲಾಯಿಸುವುದಿಲ್ಲ ಶ್ಯಾಮಲಕ್ಕ. ನಾಹಿದ್ ಗೂಡುಗಳನ್ನು ಮಂಕರಿಗೆ ಹಾಕಿಕೊಂಡು ಹೋದಳು. ಅವಳು ನಕ್ಕಿದ್ದರೆ ಚೆನ್ನಾಗಿತ್ತು.

ಹೇಳದೆ ಇಟ್ಟದ್ದು ಇನ್ನೂ ಇದೆ. ಜೂನ್ ತಿಂಗಳಲ್ಲಿ ಅಕ್ಷರ ಸೊಟ್ಟಗಾದದ್ದು ಪೆನ್ನಿನಿಂದಲ್ಲ. ಗೂಡು ಬೇಯಿಸುವ ಬೇಸಿನ್‌ನ ಅಂಚು ಇಲ್ಲಿದೆ ಎಂದುಕೊಂಡು ಬಲಗೈಯನ್ನು ಕುದಿಯುವ ನೀರಿಗೆ ಇಟ್ಟಿದ್ದೆ. ಮನೆಯವರಿಗೆ ಹಬೆ ತಾಗಿತು ಎಂದೆ. ಸಂಜೆಯ ಹೊತ್ತು ಎದುರಿನ ಗಾಡಿಯ ದೀಪ ದೊಡ್ಡ ಬೆಳಕಾಗಿ ಹರಡಿಕೊಂಡು ರಸ್ತೆಯೇ ಕಾಣುವುದಿಲ್ಲ, ಅದನ್ನೂ ಹೇಳಿರಲಿಲ್ಲ. ಹೇಳಿದರೆ ಮಾರುಕಟ್ಟೆಗೆ ಹೋಗಬೇಡ ಎನ್ನುತ್ತಾರೆ. ಅಲ್ಲಿಗೆ ಹೋಗದಿದ್ದರೆ ನಾನು ಯಾರು?

ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಗೆ ಹೋಗಿ ಬಂದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಸಕ್ಕರೆ, ಬಿಪಿ ನೋಡಿ, ಕಣ್ಣಿನ ಅಳತೆ ತೆಗೆದುಕೊಂಡಳು. ಎರಡು ಕಣ್ಣಿನಲ್ಲೂ ಪೊರೆ, ಬಲದ್ದು ಹೆಚ್ಚು. ಸೆಪ್ಟೆಂಬರ್ ಹದಿನೈದಕ್ಕೆ ಆಪರೇಷನ್. 'ಒಂದು ತಿಂಗಳು ಹೊಗೆ, ಹಬೆ ಹತ್ತಿರ ಹೋಗ್ಬೇಡಿ ಅಜ್ಜಿ' ಎಂದಳು. ದಸರಾ ಆರ್ಡರ್ ಮುಗಿಯಲಿ ಅಮ್ಮೀ ಎಂದು ನವೀದ್ ಹಿಡಿದುಕೊಂಡ. ದಸರಾ ಆದ ಮೇಲೆ ದೀಪಾವಳಿ, ಅದಾದ ಮೇಲೆ ಮದುವೆಗಳು. ಆಗುವುದಿಲ್ಲ ಎಂದೆ.

ಇದನ್ನು ನಿಮ್ಮ ತಮ್ಮನಿಗಾಗಿ ಮಾಡಿಸುತ್ತಿಲ್ಲ. ನಾನು ಅಂದದ್ದು ನಿಜವೋ ಸುಳ್ಳೋ ನನ್ನ ಕಣ್ಣಿನಲ್ಲೇ ನೋಡಬೇಕು. ಇನ್ನೊಂದು, ಒಂದು ಕಣ್ಣು ಮಾಡಿಸಿದ ಮೇಲೆ ಕೆಲವು ವಾರದಲ್ಲೇ ಇನ್ನೊಂದನ್ನೂ ಮಾಡಿಸಬಹುದು ಎಂದು ಡಾಕ್ಟರಮ್ಮ ಹೇಳಿದಳು. ನಿಮ್ಮದಾಗಿ ಏಳು ತಿಂಗಳಾಯಿತು. ಎಡಗಣ್ಣನ್ನು ಗೂಡು ಪರೀಕ್ಷೆಗೆಂದು ಇಟ್ಟುಕೊಂಡಿದ್ದೀರಾ?

ರಹಮತುನ್ನೀಸಾ


ಶಿಡ್ಲಘಟ್ಟ
18 ಸೆಪ್ಟೆಂಬರ್ 2025

ಶ್ಯಾಮಲಮ್ಮ ಆಂಟಿಗೆ ನಾಹಿದ್ ಮಾಡುವ ಸಲಾಮು.

ಅಮ್ಮೀ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಆಪರೇಷನ್ ಚೆನ್ನಾಗಿ ಆಯಿತು, ಅದೇ ದಿನ ಮನೆಗೆ ಕರೆದುಕೊಂಡು ಬಂದೆವು. ದಿನಕ್ಕೆ ಆರು ಸಲ ಡ್ರಾಪ್ಸ್. ತಲೆಗೆ ನೀರು ಹಾಕುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಸದ್ಯಕ್ಕೆ ಕುರ್ಚಿಯ ಮೇಲೆ ಕೂತೇ ನಮಾಜ್ ಮಾಡುತ್ತಾರೆ. 'ಒಳಗೆ ಬಣ್ಣ ಬಣ್ಣದ ಬೆಳಕು ಕಾಣುತ್ತಿತ್ತು, ನೋವಾಗಲಿಲ್ಲ, ಅತ್ತೆಯ ಕಾಲ ಹೋಯಿತು ಎಂದು ಬರೆ' ಎನ್ನುತ್ತಿದ್ದಾರೆ.

ಇದು ನಾನಾಗಿ ಬರೆಯುತ್ತಿರುವುದು. ಪಟ್ಟಿ ತೆಗೆದ ದಿನ ಅಮ್ಮೀ ಕಪಾಟು ತೆಗೆಸಿ ನೂಲಿನ ಲಡಿಗಳನ್ನು ಮಂಚದ ಮೇಲೆ ಹರಡಿಸಿಕೊಂಡರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಕೂತರು, ಊಟಕ್ಕೂ ಏಳಲಿಲ್ಲ. ಕಣ್ಣಿಗೆ ಒಳ್ಳೆಯದಲ್ಲ, ಅಳಬೇಡಿ ಎಂದು ನವೀದ್ ಹೇಳಿದರೆ, ನಾನು ಅಳುತ್ತಿಲ್ಲ, ಡ್ರಾಪ್ಸ್ ಸೋರುತ್ತಿದೆ ಎಂದರು.

ನಾಹಿದ್


ಶಿಡ್ಲಘಟ್ಟ
14 ಅಕ್ಟೋಬರ್ 2025

ಶ್ಯಾಮಲಕ್ಕನಿಗೆ,

ಈ ಕಾಗದವನ್ನು ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ. ಹೊಸ ಮಸೂರ ದೂರಕ್ಕೆ, ಓದುವುದಕ್ಕೆ ಮತ್ತೆ ಕನ್ನಡಕವೇ ಬೇಕಂತೆ. ಮೆರೆದದ್ದು ಮುಗಿಯಿತು. ಬಸ್ಸಿನ ಬೋರ್ಡನ್ನು ಮಾತ್ರ ಬೀದಿಯ ಆ ತುದಿಯಿಂದ ಓದುತ್ತೇನೆ.

ಭಾನುವಾರ ಬಸ್ಸು ಹತ್ತಿ ನಿಮ್ಮ ತಮ್ಮನ ಹಳ್ಳಿಗೆ ಹೋಗಿದ್ದೆ. ನವೀದ್ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ಆವುಲಪ್ಪ ಹಿಪ್ಪುನೇರಳೆ ಸೊಪ್ಪು ಇಳಿಸುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಬಿಗಿಯಿತು, ಆದರೂ ಕೂರಿಸಿ ಕಾಫಿ ಕೊಡಿಸಿದ. ನಾನು ನೆಟ್ಟಗೆ ಹೇಳಿದೆ. ನನ್ನ ಕಣ್ಣಿನಲ್ಲಿ ಪೊರೆ ಇತ್ತು, ನಿನ್ನ ಗೂಡು ಬಿಳಿಯಾಗೇ ಇತ್ತು, ನಾನು ಅಂದದ್ದು ತಪ್ಪು, ನನ್ನನ್ನು ಕ್ಷಮಿಸು ಎಂದೆ. ಅವನು ಸೊಪ್ಪಿನ ಕಟ್ಟು ಬಿಚ್ಚುತ್ತಲೇ ಹೇಳಿದ.

'ನೋಡಮ್ಮಾ, ಮನೇಗಂಟ ಬಂದೆ, ಕಾಫಿ ಕುಡ್ದೆ, ಸಂತೋಷ. ಆದ್ರೆ ನೀನು ಅಂದಿದ್ದು ಇಲ್ಲಲ್ಲ. ನೂರು ಜನದ ಮಧ್ಯೆ ಅಂದೆ. ನಾನು ಬೆರಕೆ ಮಾಡೋನು ಅಂತ ಅವ್ರೆಲ್ಲ ಇವತ್ತಿಗೂ ನಂಬವ್ರೆ. ಅವ್ರ ಮನೆಗೆಲ್ಲ ಹೋಗ್ತೀಯಾ?'

ಬಸ್ಸಿನಲ್ಲಿ ಬರುವಾಗ ಎಲ್ಲ ಲೆಕ್ಕ ಹಾಕಿದೆ. ಮಾರುಕಟ್ಟೆಯಲ್ಲಿ ನಿಂತು ನನ್ನ ಕಣ್ಣು ಕೆಟ್ಟಿತ್ತು ಎಂದರೆ, ಎರಡು ವರ್ಷದಿಂದ ನಾನು ಬೇಡವೆಂದ ಒಬ್ಬೊಬ್ಬನೂ ನನ್ನದೂ ಹಾಗೇ ಆಗಿರಬೇಕು ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ನಾಳೆಯಿಂದ ನಾನು ಗೂಡಿಗೆ ಕೈ ಹಾಕಿದರೆ ಮುದುಕಿಗೇನು ಕಾಣುತ್ತದೆ ಎನ್ನುತ್ತಾರೆ. ಹದಿನಾಲ್ಕು ವರ್ಷದ ಹೆಸರು ಹೋಗುತ್ತದೆ. ನನಗೆ ಹೆದರಿಕೆಯಾಗಿದೆ. ಆದರೂ ಹೇಳಲೇಬೇಕು.

ರಹಮತುನ್ನೀಸಾ


ಗೌರಿಬಿದನೂರು
19 ಅಕ್ಟೋಬರ್ 2025

ರಹಮತ್,

ಬೇಡ. ಆವುಲಪ್ಪ ಚಿಕ್ಕಂದಿನಿಂದ ಹಟಮಾರಿ. ನೀನು ಮನೆಗೆ ಹೋಗಿ ತಪ್ಪಾಯಿತು ಎಂದದ್ದೇ ದೊಡ್ಡದು. ನಾನು ಅವನಿಗೆ ಹೇಳುತ್ತೇನೆ, ನನ್ನ ಮಾತು ಮೀರುವುದಿಲ್ಲ. ಒಂದು ಹೆಣ್ಣು ಆ ಮಾರುಕಟ್ಟೆಯಲ್ಲಿ ಹೆಸರು ಕಟ್ಟುವುದು ಎಷ್ಟು ಕಷ್ಟವೆಂದು ನಾನು ಕಂಡಿದ್ದೇನೆ. ಆಗಿನ ಗಂಡಸರ ನಗು ಇನ್ನೂ ನನ್ನ ಕಿವಿಯಲ್ಲಿದೆ, ಈ ಕಿವಿಗೆ ಬೇರೇನೂ ಕೇಳದಿದ್ದರೂ.

ಎಡಗಣ್ಣಿನ ಬಗ್ಗೆ ಕೇಳಿದ್ದೆಯಲ್ಲ, ಉತ್ತರ ಕೊಡದೆ ಜಾರಿಕೊಂಡಿದ್ದೆ. ಆಪರೇಷನ್ ಕೋಣೆಯಲ್ಲಿ ಕಿವಿಯ ಮೆಷಿನ್ ತೆಗೆಸಿದರು. ಮುಖದ ಮೇಲೆ ಬಟ್ಟೆ. ಡಾಕ್ಟರು ಏನೋ ಹೇಳುತ್ತಿದ್ದಾರೆಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಕದಲಬೇಡಿ ಎಂದರೋ, ಕೆಳಗೆ ನೋಡಿ ಎಂದರೋ. ಉಸಿರು ಬಿಗಿಹಿಡಿದು ಇಪ್ಪತ್ತು ನಿಮಿಷ ಕಲ್ಲಿನ ಹಾಗೆ ಬಿದ್ದಿದ್ದೆ. ನಿನಗೆ ಉಪ್ಪಿಟ್ಟಿನ ವಿಷಯ ಬರೆದೆ, ಇದನ್ನು ಬರೆಯಲಿಲ್ಲ. ಇನ್ನೊಂದು ಸಲ ಆ ಮೇಜಿನ ಮೇಲೆ ಮಲಗಲು ನನ್ನಿಂದಾಗುವುದಿಲ್ಲ. ನಿನಗೆ ಧೈರ್ಯ ಹೇಳಿದ ನಾನು ಇಷ್ಟೇ.

ಶ್ಯಾಮಲಮ್ಮ


ಶಿಡ್ಲಘಟ್ಟ
30 ಅಕ್ಟೋಬರ್ 2025

ಶ್ಯಾಮಲಕ್ಕನಿಗೆ ರಹಮತುನ್ನೀಸಾಳ ಸಲಾಮು.

ಮೊದಲು ನಿಮ್ಮ ಕಣ್ಣಿನ ವಿಷಯ. ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. ಕಿವಿ ಕೇಳದವರಿಗೆ ಒಬ್ಬ ಸಿಸ್ಟರ್ ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳುತ್ತಾಳಂತೆ. ಒಂದು ಸಲ ಒತ್ತಿದರೆ ಕದಲಬಾರದು, ಎರಡು ಸಲ ಒತ್ತಿದರೆ ಕೆಳಗೆ ನೋಡಬೇಕು. ಮೊದಲೇ ಹೇಳಿ ಗುರುತು ಮಾಡಿಕೊಂಡರೆ ಸಾಕು, ನೀವು ಆಗ ಹೇಳಲೇ ಇಲ್ಲ. ನವೆಂಬರ್ ಹದಿನೆಂಟಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ. ಸಂಘಮಿತ್ರಳಿಗೆ ಫೋನ್ ಮಾಡಿ ಹೇಳಿಯಾಗಿದೆ. ನಾನೂ ಅಲ್ಲಿರುತ್ತೇನೆ, ನನ್ನ ಎಡಗಣ್ಣಿಗೂ ಅದೇ ದಿನ.

ಈಗ ನಿಮ್ಮ ಮಾತು ಮೀರಿ ಮಾಡಿದ್ದನ್ನು ಬರೆಯುತ್ತೇನೆ.

ಮಂಗಳವಾರ ಬರುತ್ತೀಯಾ ಎಂದು ಆವುಲಪ್ಪನಿಗೆ ಹೇಳಿ ಕಳಿಸಿದ್ದೆ. ಗೂಡು ತಂದಿದ್ದ. ಹರಾಜಿಗೆ ಮೊದಲು, ಜನ ತುಂಬಿರುವ ಹೊತ್ತಿನಲ್ಲಿ, ಅವನ ರಾಶಿಯ ಪಕ್ಕ ನಿಂತೆ. ಗಟ್ಟಿಯಾಗಿ ಹೇಳಿದೆ. 'ಎಲ್ಲಾರೂ ಕೇಳ್ರಪ್ಪ. ಜೂನ್‌ನಲ್ಲಿ ಇವ್ರ ಗೂಡು ಬೆರಕೆ ಅಂದಿದ್ದೆ. ಗೂಡು ಸರಿಯಾಗಿತ್ತು. ನನ್ನ ಕಣ್ಣಲ್ಲಿ ಪೊರೆ ಬಂದು ಬಿಳೀದೆಲ್ಲ ಹಳದಿ ಕಾಣ್ತಿತ್ತು. ಈಗ ಆಪರೇಷನ್ ಆಗೈತೆ. ತಪ್ಪು ನಂದು.'

ಆಮೇಲೆ ಹಿಂದಿನಿಂದ ಮುನಿಗಂಗಪ್ಪ, ಹೋದ ವರ್ಷ ನಾನು ಬೇಡವೆಂದವನು, 'ಹಂಗಾರೆ ನಂದೂ ಸರಿಯಾಗಿತ್ತಾ ಅಮ್ಮಾ?' ಎಂದ. ಇರಬಹುದು, ಈಗ ಹೇಳುವುದಕ್ಕಾಗುವುದಿಲ್ಲ, ನಿನಗೂ ತಪ್ಪಾಯಿತು ಎನ್ನುತ್ತೇನೆ ಎಂದೆ. ಒಂದಿಬ್ಬರು ನಕ್ಕರು. ನೀವು ಕಂಡಿದ್ದ ಅದೇ ನಗು. ನಾನು ಅಲ್ಲಿಂದ ಕದಲಲಿಲ್ಲ.

ಆವುಲಪ್ಪ ಎರಡು ಕೈ ತುಂಬ ಗೂಡು ಬಾಚಿ ನನ್ನ ಮುಂದೆ ಹಿಡಿದ. 'ನೋಡು ತಾಯಿ. ನೋಡಿ ಹೇಳು' ಎಂದ. ಸುತ್ತ ನಿಂತವರೆಲ್ಲ ಕತ್ತು ಚಾಚಿದರು. ನಾನು ಬೆಳಕಿಗೆ ಹಿಡಿದು ಒಂದೊಂದೇ ತಿರುಗಿಸಿ ನೋಡಿದೆ. ಬಿಳಿ ಬಿಳಿಯಾಗಿಯೇ ಇತ್ತು. ಆದರೆ ಶ್ಯಾಮಲಕ್ಕ, ಆರೇಳು ಗೂಡಿನ ಮೇಲೆ ಕಲೆ ಇತ್ತು, ಎರಡು ಗೂಡು ಒಂದಕ್ಕೊಂದು ಅಂಟಿ ಜೋಡಿಯಾಗಿದ್ದವು. ಸುಮ್ಮನೆ ಚೆನ್ನಾಗಿದೆ ಎಂದುಬಿಟ್ಟಿದ್ದರೆ ಅವತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಅವನೂ ಖುಷಿ, ನಾನೂ ಬಚಾವ್. ಬಾಯಿಗೂ ಬಂತು.

'ಬಿಳಿ ಸರಿಯಾಗೈತೆ ಆವುಲಪ್ಪ, ಆದ್ರೆ ಈ ಸಲ ಕಲೆ ಗೂಡು ಅವೆ. ಎರಡನೇ ದರ್ಜೆ' ಎಂದೆ.

ಎಲ್ಲರೂ ಅವನ ಮುಖ ನೋಡಿದರು. ಅವನು ಒಂದು ಗೂಡು ತೆಗೆದುಕೊಂಡು ಹೊರಳಿಸಿ ನೋಡಿದ. 'ಔದು. ಗೂಡು ಕಟ್ಟೋ ಚಂದ್ರಂಕಿ ತಟ್ಟೆ ಮೇಲೆ ಹುಳ ಜಾಸ್ತಿ ಬಿಟ್ಬಿಟ್ಟೆ, ಒತ್ತಾಯ್ತು' ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, 'ಎರಡನೇ ದರ್ಜೇನೇ. ಸರಿಯಾಗ್ ಹೇಳ್ತು ಯಮ್ಮ' ಎಂದ.

ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಬಾಗಿಲ ಕಡೆ ಹೊರಟೆ. ಅಷ್ಟರಲ್ಲಿ ಮುನಿಗಂಗಪ್ಪ ಅಡ್ಡ ಬಂದು, ತನ್ನ ರಾಶಿಯ ಕಡೆ ಕೈ ತೋರಿಸಿ, 'ಹಂಗೇ ಹೋಗ್ಬೇಡಮ್ಮ, ನಂದೂ ಒಂದ್ಸಲ ನೋಡು' ಎಂದ.

ರಹಮತುನ್ನೀಸಾ